ಮೈದುನನ ಡಬ್ಬಿ ಮತ್ತು ಬಿಚ್ಚಿಕೊಂಡ ಟೇಪು

ಗಿಣಿಗೇರಾದ ಹತ್ತಿರ ಒಂದು ಸಣ್ಣ ಟೇಪಿನ ಕಾರ್ಖಾನೆ ಇದೆ. ಪೈಪಿನ ಜೋಡಣೆಗೆ, ಕೂಲರಿನ ಬಾಯಿಗೆ, ಹರಿದ ತಾಡಪತ್ರಿಗೆ ಸುತ್ತುತ್ತಾರಲ್ಲ, ಆ ಬೆಳ್ಳಿ ಬಣ್ಣದ ದಪ್ಪ ಡಕ್ಟ್ ಟೇಪು ತಯಾರಾಗುವುದು ಅಲ್ಲೇ. ನಾನು ಪ್ಯಾಕಿಂಗ್‌ನಲ್ಲಿದ್ದೇನೆ. ನನ್ನ ಗಂಡನ ತಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದಾನೆಂದು ಸೂಪರ್‌ವೈಸರಿಗೆ ಹೇಳಿ ಅವನನ್ನೂ ಸೇರಿಸಿದ್ದೆ. ಅವನಿಗೆ ಸಿಕ್ಕಿದ್ದು ಅಂಟು ಕಲಸುವ ಕೆಲಸ.

ಆ ಕೆಲಸ ನೋಡಲು ಸುಲಭ. ರಬ್ಬರಿನ ತುಂಡು, ರಾಳದ ಹರಳು, ಬಿಳಿ ಸುಣ್ಣದ ಪುಡಿ, ಇವಿಷ್ಟನ್ನು ಯಂತ್ರದೊಳಗೆ ಹಾಕಿ ರೊಟ್ಟಿ ಹಿಟ್ಟು ನಾದಿದ ಹಾಗೆ ಬಿಸಿಯಲ್ಲಿ ನಾದಬೇಕು. ಇನ್ನೊಂದು ಕಡೆಯಿಂದ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹಾಳೆ ಬರುತ್ತದೆ, ಮತ್ತೊಂದು ಕಡೆಯಿಂದ ಗಾಯಕ್ಕೆ ಕಟ್ಟುವ ಬಟ್ಟೆಯಂಥ ತೆಳ್ಳನೆಯ ನೂಲಿನ ಜಾಲರಿ. ಬಿಸಿ ಉರುಳೆಗಳ ನಡುವೆ ಹಾಳೆ, ಬಟ್ಟೆ, ಅಂಟು ಮೂರೂ ಒತ್ತಿ ಒಂದಾಗುತ್ತವೆ. ಆಮೇಲೆ ಆ ದೊಡ್ಡ ಸುರುಳಿಯನ್ನು ಅಗಲಕ್ಕೆ ತಕ್ಕಂತೆ ಕೊಯ್ದು ನಮ್ಮ ಮೇಜಿಗೆ ಕಳಿಸುತ್ತಾರೆ.

ಹೋದ ಬೇಸಿಗೆಯಲ್ಲಿ ಮಾಲು ವಾಪಸು ಬರತೊಡಗಿತು. ಮೊದಲು ಕೊಪ್ಪಳದ ಕೂಲರ್ ಅಂಗಡಿಯಿಂದ, ಆಮೇಲೆ ಗಂಗಾವತಿಯ ಒಂದು ಅಕ್ಕಿ ಗಿರಣಿಯಿಂದ. ತೌಡು ಸಾಗಿಸುವ ಗಾಳಿ ಪೈಪಿಗೆ ಸುತ್ತಿದ ಟೇಪು ವಾರದೊಳಗೆ ಬಿಚ್ಚಿಕೊಂಡು, ಗಿರಣಿ ತುಂಬಾ ತೌಡು ಹಾರಿತಂತೆ.

"ಅಂಟಿನಾಗ ರಬ್ಬರ್ ಕಡಿಮಿ ಬೀಳಾಕತ್ತೈತಿ," ಅಂದರು ಸೂಪರ್‌ವೈಸರು. "ಸುಣ್ಣ ಜಾಸ್ತಿ ಹಾಕಿ ಯಾರೋ ರಬ್ಬರ್ ಹೊರಗ ಸಾಗಿಸಾಕತ್ಯಾರ."

ಯಾರೋ ಅಂದರೂ ಎಲ್ಲರ ಕಣ್ಣು ಹೋದದ್ದು ನನ್ನ ಮೈದುನನ ಕಡೆಗೆ. ಊಟದ ಹೊತ್ತಿಗೆ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸರು ಸ್ವಲ್ಪ ಸರಿದು ಕೂತರು. ಒಂದು ದಿನ ಸೂಪರ್‌ವೈಸರು ನನ್ನ ಮೇಜಿನ ಹತ್ತಿರವೇ ಬಂದು ಮೆಲ್ಲಗೆ ಕೇಳಿದರು, "ನಿಮ್ಮ ಮೈದುನ ಮನ್ಯಾಗ ಹೆಂಗ ಅದಾನವಾ?"

"ಛಲೋ ಅದಾನ್ರಿ," ಅಂದೆ. ಆದರೆ ನಾನು ಒಂದು ಡಬ್ಬಿ ನೋಡಿದ್ದೆ.

ಎಣ್ಣೆಯ ಹಳೆ ತಗಡಿನ ಡಬ್ಬಿ. ಮೈದುನ ಅದರ ಬಾಯಿಗೆ ಅರಿವೆ ಕಟ್ಟಿ, ಚೀಲದಲ್ಲಿ ಇಟ್ಟುಕೊಂಡು ಕೆಲಸದಿಂದ ತರುತ್ತಿದ್ದ. ಬಂದವನೇ ಬಚ್ಚಲ ಹಿಂದೆ ಇಟ್ಟು, ರಜೆಯ ದಿನ ಅದನ್ನು ಹಿಡಿದುಕೊಂಡು ಯಲಬುರ್ಗಾದ ಬಸ್ಸು ಹತ್ತುತ್ತಿದ್ದ. ಅಲ್ಲಿ ನನ್ನ ನಾದಿನಿಯ ಮನೆಯಿದೆ. ಅಕ್ಕನನ್ನು ನೋಡಲು ಹೋಗುವವನಿಗೆ ಡಬ್ಬಿ ಯಾಕೆ ಬೇಕು? ಒಂದು ಮುಂಜಾನೆ ಅವನು ಸ್ನಾನಕ್ಕೆ ಹೋದಾಗ ಅರಿವೆ ಬಿಚ್ಚಿ ನೋಡಿದೆ. ಒಳಗೆ ನಮ್ಮ ಕಾರ್ಖಾನೆಯದೇ ಅಂಟು, ಅರ್ಧ ಡಬ್ಬಿ. ಬೆರಳಿಗೆ ಹತ್ತಿದ್ದು ಸೀಮೆಎಣ್ಣೆ ಹಚ್ಚಿ ತಿಕ್ಕುವ ತನಕ ಹೋಗಲಿಲ್ಲ.

ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅಣ್ಣ ತಮ್ಮಂದಿರ ನಡುವೆ ಬೆಂಕಿ ಬೀಳುತ್ತಿತ್ತು. ಸೂಪರ್‌ವೈಸರಿಗೂ ಹೇಳಲಿಲ್ಲ. ಕೆಲಸಕ್ಕೆ ಸೇರಿಸಿದವಳೇ ನಾನು, ಅವನ ಹಿಂದೆ ನನ್ನನ್ನೂ ಕಳಿಸಿಬಿಡುತ್ತಾರೆಂಬ ಹೆದರಿಕೆ. ಸುಮ್ಮನೆ ಅವನನ್ನು ಕಾಯತೊಡಗಿದೆ. ಫೋನಿನಲ್ಲಿ ನಕ್ಕರೆ ಯಾರ ಜೊತೆ ಅಂತ ಕಿವಿ ಕೊಡುತ್ತಿದ್ದೆ. ಹೊಸ ಚಪ್ಪಲಿ ಹಾಕಿಕೊಂಡು ಬಂದರೆ ಎಲ್ಲಿಂದ ಬಂತು ಅಂತ ಲೆಕ್ಕ ಹಾಕುತ್ತಿದ್ದೆ. "ಯಾಕ ವೈನಿ, ಹಂಗ ನೋಡ್ತೀರಿ?" ಅಂದರೆ, "ಏನಿಲ್ಲಪ್ಪ, ಉಣ್ಣು," ಅನ್ನುತ್ತಿದ್ದೆ.

ಗಿರಣಿಯವರ ಸಿಟ್ಟು ಇಳಿಯಲಿಲ್ಲ. "ಟೇಪು ಮಾಡಿದವ್ರ ಬಂದು ನೋಡ್ಲಿ" ಅಂದರಂತೆ. ಸೂಪರ್‌ವೈಸರು ಮಾಲು ಕಟ್ಟಿದ ನನ್ನನ್ನೂ ಅಂಟು ಕಲಸಿದ ಮೈದುನನನ್ನೂ ಗಾಡಿಯಲ್ಲಿ ಹತ್ತಿಸಿಕೊಂಡು ಗಂಗಾವತಿಗೆ ಹೊರಟರು. ದಾರಿಯುದ್ದಕ್ಕೂ, ಇವತ್ತು ಇವನ ಬಣ್ಣ ಬಯಲಾಗುತ್ತದೆ ಅಂತ ನಾನು ಸೀರೆಯ ಸೆರಗು ಹಿಂಡುತ್ತಾ ಕೂತಿದ್ದೆ.

ಗಿರಣಿಯಲ್ಲಿ ಒಬ್ಬಾತ ಏಣಿ ಮೇಲೆ ನಿಂತು ಪೈಪನ್ನು ಚಾಕುವಿನಿಂದ ಕೆರೆಯುತ್ತಿದ್ದ. ಮೈಯೆಲ್ಲಾ ತೌಡು. ನಮ್ಮನ್ನು ನೋಡಿದ್ದೇ ತಡ ಬೈಯಲು ಶುರು ಮಾಡಿದ. "ಏನ್ ಮಾಲ್ರೀ ಇದು? ಮ್ಯಾಲಿನ ಪಟ್ಟಿ ಉಚ್ಚಿ ಬಿತ್ತು. ತಳಗಿನ ಅಂಟು ನೋಡಿದ್ರ ಪೈಪ್ ಬಿಡವಲ್ದು! ಮುಂಜಾನಿಂದ ಕೆರಿಯಾಕತ್ತೀನಿ."

ಸೂಪರ್‌ವೈಸರು ಏಣಿ ಹತ್ತಿದರು. ಪೈಪಿನ ಮೇಲೆ ಅಂಟು ಗಟ್ಟಿಯಾಗಿ ಕೂತಿತ್ತು, ನೂಲಿನ ಬಟ್ಟೆಯೂ ಅದರೊಳಗೇ ಹೂತಿತ್ತು. ಬಿಟ್ಟುಹೋಗಿದ್ದು ಮೇಲಿನ ಬೆಳ್ಳಿ ಹಾಳೆ ಮಾತ್ರ. ಅವರು ಕೆಳಗಿಳಿದು ನನ್ನ ಮೈದುನನ ಮುಖವನ್ನೇ ನೋಡಿದರು.

"ಅಂಟು ಕೆಟ್ಟಿಲ್ಲಲ್ಲೋ," ಅಂದರು.

"ನಾ ಮೊದಲಿಂದನೂ ಅದನ್ನ ಹೇಳಾಕತ್ತೀನ್ರಿ ಸರ," ಅಂದ ಅವನು.

ವಾಪಸು ಬಂದು ಸೂಪರ್‌ವೈಸರು ಯಂತ್ರದ ಸುತ್ತ ಎರಡು ಸಲ ತಿರುಗಿದರು. ನೂಲಿನ ಬಟ್ಟೆಯ ಸುರುಳಿಯನ್ನು ಶಟರಿನ ಪಕ್ಕದಲ್ಲೇ ನಿಲ್ಲಿಸಿದ್ದರು. ಒಳಗಿನ ಸೆಕೆ ತಾಳಲಾರದೆ ಬೇಸಿಗೆ ಶುರುವಾದಾಗಿನಿಂದ ಶಟರನ್ನು ಅರ್ಧ ಎತ್ತಿಯೇ ಇಡುತ್ತಿದ್ದರು. ನಾನು ಹೋಗಿ ಸೆರಗಿನ ತುದಿಯಿಂದ ಬಟ್ಟೆಯನ್ನು ಒರೆಸಿದೆ. ಸೆರಗು ಕರ್ರಗಾಯಿತು. ಸುತ್ತಲಿನ ಕಬ್ಬಿಣದ ಕಾರ್ಖಾನೆಗಳ ಬೂದಿ ಅದು. ನಮ್ಮ ಮಾಳಿಗೆಯ ಮೇಲೆ ಒಣಹಾಕಿದ ಶ್ಯಾವಿಗೆಯ ಮೇಲೂ ಅದೇ ಕೂರುತ್ತದೆ. ಬಟ್ಟೆಯ ಮೇಲೆ ಧೂಳು ಕೂತರೆ ಹಾಳೆ ಹಿಡಿಯುವುದಾದರೂ ಹೇಗೆ?

ಶಟರು ಇಳಿಯಿತು. ಸಂದುಗಳಿಗೆಲ್ಲಾ ನಮ್ಮದೇ ಟೇಪು ಹಚ್ಚಿದರು. ಸೆಕೆಗೆ ಎರಡು ದೊಡ್ಡ ಫ್ಯಾನು ಬಂದವು. ಮಾಲು ವಾಪಸು ಬರುವುದು ನಿಂತಿತು. ಸೂಪರ್‌ವೈಸರು ನನ್ನ ಮೈದುನನ ಬೆನ್ನು ತಟ್ಟಿ "ಕೆಲಸ ನೋಡು ಹೋಗು" ಅಂದರು, ಅಷ್ಟೇ.

ಆದರೆ ಡಬ್ಬಿ? ಅದು ನನ್ನ ತಲೆಯಿಂದ ಹೋಗಲಿಲ್ಲ. ಬೂದಿಯ ತಪ್ಪು ಬೂದಿಯದು. ಅಂಟು ಮನೆಗೆ ಬಂದದ್ದಂತೂ ನಿಜವಲ್ಲವೇ?

ಒಂದು ಸಂಜೆ ಚಹಾ ಕೊಡುವಾಗ ಅವನೇ ಆ ಮಾತು ತೆಗೆದ. "ವೈನಿ, ನೀವು ನನ್ನ ಡಬ್ಬಿ ಬಿಚ್ಚಿ ನೋಡೀರಿ. ಅರಿವಿ ಗಂಟು ನಾ ಹಾಕಿದ್ದಲ್ಲ, ನೀವು ಹಾಕಿದ್ದು."

ನಾನು ಚಹಾದ ಲೋಟವನ್ನು ಅವನ ಮುಂದೆ ಇಟ್ಟೆ.

"ಯಂತ್ರದ ತಳಗ ನೆಲಕ್ಕ ಬಿದ್ದಿದ್ದನ್ನ ಕೆರೆದು ಚೆಲ್ಲತಾರ. ಸರನ್ನ ಕೇಳಿ ತರ್ತೀನಿ. ಅಕ್ಕನ ಮನ್ಯಾಗ ಇಲಿ ಭಾಳ ಆಗ್ಯಾವ. ಹಲಗಿಗೆ ಹಚ್ಚಿ ಇಟ್ರ ಹಿಡಿತೈತಿ. ಕೇಳಿದ್ರ ಹೇಳ್ತಿದ್ದೆ."

"ಕೇಳಿದ್ರ ನೀ ಹೇಳಿದ್ದನ್ನ ನಂಬಬೇಕಾಗ್ತಿತ್ತು," ಅಂದೆ. ಯಾಕೆ ಹಾಗಂದೆನೋ. ಆ ದಿನಗಳಲ್ಲಿ ನಂಬುವುದೇ ನನಗೆ ಹೆದರಿಕೆಯ ಕೆಲಸವಾಗಿತ್ತು.

ಅವನು ಚಹಾ ಕುಡಿದು ಎದ್ದುಹೋದ. ಮರುದಿನದಿಂದ ಹೊಸ ರೂಢಿ ಶುರುವಾಯಿತು. ಕೆಲಸದಿಂದ ಬಂದವನೇ ಪಡಸಾಲೆಯಲ್ಲಿ ಚೀಲ ಬೋರಲು ಹಾಕುತ್ತಾನೆ: ಬುತ್ತಿ, ನೀರಿನ ಬಾಟಲಿ, ಟವೆಲ್ಲು, ಫೋನಿನ ವೈರು. ಎಲ್ಲ ಹರಡಿ, ನಾನು ನೋಡುವ ತನಕ ಕಾದು, ಮತ್ತೆ ತುಂಬಿಕೊಳ್ಳುತ್ತಾನೆ. "ಬ್ಯಾಡ ಬಿಡೋ ತಮ್ಮಾ," ಅಂದರೂ ಬಿಡುವುದಿಲ್ಲ. ಗಂಡ ಕೇಳಿದ, "ಏನಾಗೇತಿ ಇವ್ನಿಗೆ?"

"ಕಾರ್ಖಾನ್ಯಾಗ ಹಂಗ ರೂಢಿ ಮಾಡ್ಯಾರ," ಅಂದೆ. ಗಂಡ ಅದೇ ಕಾರ್ಖಾನೆಯಿಂದ ಬಂದು ಗೂಟಕ್ಕೆ ನೇತಾಡುತ್ತಿದ್ದ ನನ್ನ ಚೀಲವನ್ನು ನೋಡಿದ, ಆಮೇಲೆ ನನ್ನ ಮುಖವನ್ನು ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ನೋಡಿದ.