ಡಗ್ಗಾದ ದನಿಗೊಂದು ಪೆಟ್ಟಿಗೆ

ರಾಯಚೂರಿನ ನನ್ನ ರೇಡಿಯೋ ರಿಪೇರಿ ಅಂಗಡಿಯ ಮುಂದೆ ಆ ಮಧ್ಯಾಹ್ನ ಇದ್ದವರು ನಾಲ್ವರು. ನಾನು, ಬಸ್ಸಿನ ಮೇಲೆ ಸ್ಪೀಕರ್ ಪೆಟ್ಟಿಗೆ ಹೇರಿಕೊಂಡು ದೇವದುರ್ಗದಿಂದ ಬಂದಿದ್ದ ಬಡಿಗ, ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರು, ಅವರ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಿದ್ದ ಅವರ ತಂದೆ. ಎಂಬತ್ತರ ದಶಕ ಅರ್ಧ ದಾಟಿತ್ತು. ಕಾರಿನಲ್ಲಿ ಕ್ಯಾಸೆಟ್ ಹಾಕುವುದೇ ಆಗ ಒಂದು ದೌಲತ್ತು.

ಸಾಹುಕಾರರಿಗೆ ದೌಲತ್ತು ಬೇಕಿರಲಿಲ್ಲ. ಅವರ ತಂದೆ ಗೂಗಲ್ ಎಂಬ ಊರಿನ ಗುಡಿಯ ಭಜನೆಯಲ್ಲಿ ವರ್ಷಾನುಗಟ್ಟಲೆ ತಬಲಾ ನುಡಿಸಿದವರು. ಕಿವಿ ಮಂದವಾದ ಮೇಲೆ ಅದನ್ನು ಮುಟ್ಟಿರಲಿಲ್ಲ. ಎಡಗೈಯಲ್ಲಿ ನುಡಿಸುವ ಡಗ್ಗಾದ ಗುಮ್ಮೆನ್ನುವ ಪೆಟ್ಟಾದರೂ ಅವರಿಗೆ ದಕ್ಕೀತೇ ಎಂಬುದು ಮಗನ ಆಸೆ. “ನಮ್ಮಪ್ಪಗ ತಬಲಾದ್ದು ಒಂದ ಠೇಕಾ ಕೇಳಿಸಿದ್ರ ಸಾಕ್ರಿ” ಎಂದಿದ್ದರು.

ಅದಕ್ಕೆಂದೇ ಕಾರಿಗೆ ಹಾಕುವ ದೊಡ್ಡ ಸ್ಪೀಕರಿಗೆ ತಕ್ಕ ಪೆಟ್ಟಿಗೆಯ ಲೆಕ್ಕ ನನ್ನದೇ. ಒಳಗೆ ಇಂತಿಷ್ಟೇ ಗಾಳಿ, ಮುಂದೆ ಇಂತಿಷ್ಟೇ ಅಗಲದ ತೂತು. ಎರಡೂ ಹೊಂದಿದರೆ ತಗ್ಗಿನ ದನಿ ತುಂಬಿ ಬರುತ್ತದೆ. ಅಳತೆಯನ್ನು ಹಾಳೆಯಲ್ಲಿ ಬರೆದೇ ಬಡಿಗನಿಗೆ ಕೊಟ್ಟಿದ್ದೆ. ಈಗ ಸ್ಪೀಕರ್ ಕೂರಿಸಿದ ಪೆಟ್ಟಿಗೆಯನ್ನು ಕಾರಿನಲ್ಲಿ ಮುದುಕರ ಪಕ್ಕದಲ್ಲಿಟ್ಟು ಕ್ಯಾಸೆಟ್ ಹಾಕಿದೆ. ಬೊಂಯ್ ಎಂದು ಒಂದೇ ಮೊರೆತ!

ಮುದುಕರು ತಲೆಯಾಡಿಸಿದರು. “ಜೋರು ಅದ. ತಾಳ ಇಲ್ಲ. ಗಿರಣಿ ಹೊಂಟಂಗ ಅದ.”

ಅಳೆದು ನೋಡಿದರೆ ಪೆಟ್ಟಿಗೆಯ ಉದ್ದ ಮೂರು ಬೆರಳು ಜಾಸ್ತಿ.

“ಏನ್ರಿ ಬಡಿಗ್ಯಾರ ಇದು?” ಎಂದೆ.

“ನಿಮ್ಮ ಅಳತಿಗೆ ಕಾಕಾಯ ಬಂತ್ರಿ. ವಯಸ್ಸಾದವರ ಬಾಜೂಕ ಕಾಗಿ ಆಯ ಇಡಾಕ ಬರ್ತದೇನ್ರಿ? ಮೂರು ಬೆರಳು ಹೆಚ್ಚು ಹಿಡಿದು ಗಜಾಯ ಮಾಡೀನಿ.”

ಬಾಗಿಲಿಗೂ ಮಂಚಕ್ಕೂ ಬಡಿಗರು ನೋಡುವ ಶುಭಾಶುಭದ ಅಳತೆಯೇ ಆಯ; ಅದರಲ್ಲಿ ಕಾಗೆಯದು ಕೆಟ್ಟದ್ದು, ಆನೆಯದು ಒಳ್ಳೆಯದು. ಸ್ಪೀಕರ್ ಪೆಟ್ಟಿಗೆಗೂ ಅದನ್ನು ನೋಡಿದವನು ಇವನೊಬ್ಬನೇ ಇರಬೇಕು.

“ಅದಕ್ಕ ಆನಿ ಹಂಗ ಘೀಳಿಡಾಕತ್ತದ!” ಎಂದು ಸಾಹುಕಾರರು ನಕ್ಕರು. ನಕ್ಕರೂ ಅವರ ಕಣ್ಣು ತಂದೆಯ ಮುಖದ ಮೇಲೇ ಇತ್ತು.

ಪೆಟ್ಟಿಗೆ ಬಿಚ್ಚೋಣವೆಂದು ನಾನು ತಿರುಪುಳಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಮೊರೆತ ಬಿಗಿಯಾಯಿತು. ತಿರುಗಿ ನೋಡಿದರೆ, ಮುದುಕರು ಎಡ ಅಂಗೈಯ ಬುಡವನ್ನು ತೂತಿನ ಮೇಲೆ ಒತ್ತಿ ಹಿಂದೆ ಮುಂದೆ ಸರಿಸುತ್ತಿದ್ದರು. ಪೆಟ್ಟುಗಳು ಒಂದೊಂದೇ ಬಿಡಿಯಾಗಿ ಬರತೊಡಗಿದವು.

“ಬಾಯಿ ಸಡ್ಲ ಆಗ್ಯದ ತಮ್ಮಾ. ಡಗ್ಗಾ ಒತ್ತಿದಂಗ ಒತ್ತಬೇಕು.”

“ಯಪ್ಪಾ, ಕೈ ತೆಗೀಬ್ಯಾಡ್ರಿ!” ಎಂದು ಕೂಗಿ, ಅವರ ಅಂಗೈ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಬಡಿಗ ಅಷ್ಟೇ ಅಗಲದ ಹಲಗೆ ಕೊರೆದು ತೂತಿಗೆ ಕೂರಿಸಿದ. ಮತ್ತೆ ಕ್ಯಾಸೆಟ್ ಹಾಕಿದಾಗ ಮುದುಕರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಬೆರಳು ಮೊಣಕಾಲಿನ ಮೇಲೆ ಠೇಕಾ ಹಿಡಿದವು. ಸಾಹುಕಾರರು ನನ್ನ ಭುಜ ಹಿಡಿದುಕೊಂಡರು.

ಹದಿನೈದು ದಿನದ ಮೇಲೆ ಸಾಹುಕಾರರೊಬ್ಬರೇ ಬಸ್ಸಿನಲ್ಲಿ ಬಂದಿಳಿದರು.

“ಪೆಟಗಿ ಕೆಟ್ಟತೇನ್ರಿ?” ಎಂದೆ ಗಾಬರಿಯಿಂದ.

“ಎಲ್ಲಿ ಕೆಡ್ತದ್ರಿ! ಅಪ್ಪ ಕಾರಿನ ಬ್ಯಾಟರಿ, ಟೇಪು ಸಮೇತ ಇಳಿಸಿ ಪಡಸಾಲ್ಯಾಗ ಇಟ್ಕೊಂಡಾನ. ಎದುರಿಗೆ ತಬಲಾ ಇಟ್ಕೊಂಡು ದಿನಾ ಬಾರಸಾಕತ್ತಾನ. ಕಾರಿಗೆ ಇನ್ನೊಂದು ಮಾಡಿಕೊಡ್ರಿ.”

ಮುಂದಿನ ವಾರ ಎರಡನೆಯ ಪೆಟ್ಟಿಗೆ ಮಾಡಿಕೊಟ್ಟೆವು.