ಸಜ್ಜೆಯ ಬೇರಿಗೆ ನೀಲಿ ಶಾಯಿ

ಕಳೆದ ಶನಿವಾರ ನನ್ನ ಶಾಯಿ ಬಾಟಲಿಗೆ ಊರಿನಿಂದ ಫೋನ್ ಬಂತು. ನನಗಲ್ಲ, ಬಾಟಲಿಗೆ.

"ದೊಡ್ಡಪ್ಪಾರ, ನಾಳೆ ಬರೂ ಮುಂದ ನಿಮ್ಮ ನೀಲಿ ಮಸಿ ಬಾಟ್ಲಿ ತರ್ರಿ. ಮರೀಬ್ಯಾಡ್ರಿ ಮತ್ತ."

ಫೋನ್ ಮಾಡಿದವಳು ನನ್ನ ತಮ್ಮ ಶರಣಪ್ಪನ ಮಗಳು ಅಶ್ವಿನಿ. ಕೃಷಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಮನೆತನದಲ್ಲಿ ಎರಡನೆಯ ಲೇಖನಿ ಹುಟ್ಟಿತೆಂದು ನನ್ನ ಎದೆ ಉಬ್ಬಿತು. (ಮೊದಲನೆಯದು ಯಾವುದು ಎಂದು ಹೆಂಡತಿ ಕೇಳಿದಳು.) ಏನು ಬರೆಯುತ್ತೀ ಮಗಳೇ ಎಂದು ವಿಚಾರಿಸಿದೆ.

"ಬರಿಯಾಕಲ್ರೀ. ಸಜ್ಜಿ ಬೇರಿಗೆ ಬೇಕಾಗೇತಿ. ಅಡಗಿ ಮನ್ಯಾಗ ವಿನೆಗರ್ ಇದ್ರ ಅದನ್ನೂ ತರ್ರಿ."

ಓದುಗ ಮಹಾಶಯರೇ, ನಾನು ಮುನಿರಾಬಾದಿನಲ್ಲಿ ಕಾಲುವೆಗಳ ನಕಾಶೆ ಬರೆಯುವ ನೌಕರಿ ಮಾಡಿ ನಿವೃತ್ತನಾದವನು. ಶಾಯಿಯಿಂದ ಏನೇನು ಮಾಡಬಹುದೆಂದು ನನಗೆ ಗೊತ್ತಿದೆ ಎಂದು ತಿಳಿದಿದ್ದೆ. ಬೇರಿಗೆ ಕುಡಿಸಬಹುದೆಂದು ಯಾವ ಮೇಲಧಿಕಾರಿಯೂ ಹೇಳಿರಲಿಲ್ಲ.

ಭಾನುವಾರ ಸ್ಕೂಟರ್ ಏರಿ ಕೊಪ್ಪಳದಿಂದ ಯಲಬುರ್ಗಾ ಕಡೆಯ ನಮ್ಮೂರಿಗೆ ಹೊರಟೆ. ಜೇಬಿನಲ್ಲಿ ಶಾಯಿ. ಚೀಲದಲ್ಲಿ ವಿನೆಗರ್. (ಮನೆಯಲ್ಲಿ ಗೋಬಿ ಮಂಚೂರಿ ಮಾಡುವ ಪ್ರಯತ್ನ ಒಮ್ಮೆ ನಡೆದು, ಮತ್ತೊಮ್ಮೆ ನಡೆಯದ ಕಾರಣ ಬಾಟಲಿ ತುಂಬಿಯೇ ಇತ್ತು.) ಕಾಲ ಬಳಿ ಎಂದಿನ ಗೋಣಿಚೀಲ. ಅದರಲ್ಲಿ ನಮ್ಮ ಮನೆಯ ವಾರದ ಹಸಿ ಕಸ. ಪ್ರತಿ ಭಾನುವಾರ ಅದನ್ನು ಒಯ್ದು ತಮ್ಮನ ತಿಪ್ಪೆಗೆ ಸುರಿಯುವುದು ನನ್ನ ವ್ರತ. ಪರಿಸರಕ್ಕೆ ನಾನು ಸಲ್ಲಿಸುತ್ತಿರುವ ಸೇವೆ ಎಂದು ಎರಡು ಸಲ ಇದೇ ಅಂಕಣದಲ್ಲಿ ಬರೆದುಕೊಂಡಿದ್ದೇನೆ.

ಊರಿನಲ್ಲಿ ವಾತಾವರಣ ಬಿಸಿಯಾಗಿತ್ತು.

ಸಂಗತಿ ಇಷ್ಟು. ಶರಣಪ್ಪನ ಸಜ್ಜೆ ಹೊಲದಲ್ಲಿ ಒಂದು ಪಟ್ಟಿ ಮಾತ್ರ ನಾಲ್ಕು ದಿನ ಮಳೆ ತಪ್ಪಿದರೆ ಸಾಕು, ಬಾಡಿ ನಿಲ್ಲುತ್ತದೆ. ತಿಪ್ಪೆ ಗೊಬ್ಬರ ವರ್ಷವರ್ಷವೂ ಬಿದ್ದದ್ದು ಅದೇ ಪಟ್ಟಿಗೆ. ಗೊಬ್ಬರ ಸಾಲದೇ ಹೀಗಾಗಿದೆ ಎಂದು ತಮ್ಮನ ತೀರ್ಮಾನ. ಜೋಳಕ್ಕೂ ಹೀಗೆ ಆಗಬಾರದೆಂದು ಈ ಸಲ ಇಡೀ ತಿಪ್ಪೆಯನ್ನು ಬಳಿದು ಹಿಂಗಾರಿ ಜೋಳದ ಹೊಲಕ್ಕೆ ಹೊಡೆಯುವುದೆಂದು ನಿಶ್ಚಯವಾಗಿತ್ತು. ಆ ಹೊಲದ ಜೋಳವೇ ನಮ್ಮ ಎರಡೂ ಮನೆಗಳ ವರ್ಷದ ರೊಟ್ಟಿ.

"ಮುಂಜಾನಿ ಟ್ರ್ಯಾಕ್ಟರ್ ಬರ್ತೈತಿ," ಎಂದ ಶರಣಪ್ಪ.

"ಬೇರು ನೋಡೂ ತನಕ ತಡಿಯಪ್ಪಾ," ಎಂದಳು ಮಗಳು.

"ಬೇರು ಏನ್ ನೋಡ್ತಿ? ಬೇರು ಬೇರಿನಂಗ ಇರ್ತೈತಿ."

ಅವಳು ಪಟ್ಟಿಯ ಆಚೆಯ ಸಜ್ಜೆಯಿಂದ ಒಂದಿಷ್ಟು, ಬಾಡಿದ ಸಜ್ಜೆಯಿಂದ ಒಂದಿಷ್ಟು ಎಳೆಬೇರು ತಂದು ತೊಳೆದಿಟ್ಟಿದ್ದಳು. ಕಾಲೇಜಿನಿಂದ ತಂದ ಯಾವುದೋ ದ್ರಾವಣವಿದ್ದ ಗಾಜಿನ ಲೋಟಕ್ಕೆ ಅವನ್ನು ಹಾಕಿ, ಬಿಸಿನೀರಿನಲ್ಲಿ ಇಟ್ಟಳು. ಬೇರು ಗಾಜಿನಂತೆ ಪಾರದರ್ಶಕವಾಯಿತು. ಆಮೇಲೆ ವಿನೆಗರ್. ಅದಕ್ಕೆ ನನ್ನ ಶಾಯಿಯ ಕೆಲವು ಹನಿ. ಕಟ್ಟೆಯ ಮೇಲೆ ಕಾಲೇಜಿನಿಂದಲೇ ತಂದ ಮೈಕ್ರೋಸ್ಕೋಪ್ ಸಿದ್ಧವಾಗಿತ್ತು.

ಹಿರಿಯನಾದ್ದರಿಂದ ಮೊದಲ ದರ್ಶನ ನನ್ನದು. ಒಂದು ಕಣ್ಣು ಮುಚ್ಚಿ ಬಗ್ಗಿದೆ. ಮೊದಲು ನನ್ನ ರೆಪ್ಪೆಯೇ ಕಾಣಿಸಿತು. ಅಶ್ವಿನಿ ಏನನ್ನೋ ತಿರುಗಿಸಿದಳು.

ಅಲ್ಲಿ ನನ್ನ ನಕಾಶೆ ಇತ್ತು.

ಸುಳ್ಳಲ್ಲ. ಮುಖ್ಯ ಕಾಲುವೆ, ಅದರಿಂದ ಒಡೆದ ಉಪಕಾಲುವೆ, ಉಪಕಾಲುವೆಯಿಂದ ಹೊರಟ ಹೊಲಗಾಲುವೆ. ಎಲ್ಲವೂ ನೀಲಿ. ನಾನು ಸೇವೆಯುದ್ದಕ್ಕೂ ಕೈ ನಡುಗದಂತೆ ಎಳೆದ ಗೆರೆಗಳಿಗಿಂತ ಸೊಗಸಾದ ಗೆರೆಗಳು, ಒಂದು ಸಜ್ಜೆಯ ಬೇರಿನೊಳಗೆ. ಬೇರಿನ ಪುಟ್ಟ ಪುಟ್ಟ ಕೋಣೆಗಳಲ್ಲಿ ಒಂದೊಂದು ನೀಲಿ ಗಿಡ, ಟೊಂಗೆ ಟಿಸಿಲು ಸಹಿತ. ನಾನು ತಲೆ ಎತ್ತಲೇ ಇಲ್ಲ. ಶರಣಪ್ಪ ಹೆಗಲು ಹಿಡಿದು ಎಬ್ಬಿಸಬೇಕಾಯಿತು.

"ಅವು ಬೇರಿನವಲ್ರೀ ದೊಡ್ಡಪ್ಪಾರ. ಶಿಲೀಂಧ್ರ. ಅಣಬಿ ಬಳಗದ್ದು. ಬೇರಿನಾಗ ಮನಿ ಮಾಡಿರ್ತಾವು. ನಿಮ್ಮ ಮಸಿ ಅವಕ್ಕಷ್ಟ ಹತ್ತೇತಿ."

ಬೇರು ಮುಟ್ಟಲಾಗದ ಕಡೆಗೆ ಈ ಎಳೆಗಳು ಹೋಗುತ್ತವಂತೆ. ಕೂದಲಿಗಿಂತ ಸಣ್ಣ ಎಳೆಗಳು. ಮಣ್ಣಿನ ಸಂದಿಗೊಂದಿಗಳಿಂದ ರಂಜಕವೆಂಬ ಸತ್ವವನ್ನೂ ನೀರನ್ನೂ ತಂದು ಗಿಡಕ್ಕೆ ಒಪ್ಪಿಸುತ್ತವಂತೆ. ಹೋಗುತ್ತ ಹೋಗುತ್ತ ಮಣ್ಣಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತವಂತೆ. ಟೆಂಡರ್ ಇಲ್ಲ, ಅಂದಾಜು ಪಟ್ಟಿ ಇಲ್ಲ, ಉದ್ಘಾಟನೆಯೂ ಇಲ್ಲ. ನಮ್ಮ ಹೊಲದ ಕೆಳಗೆ ಇಂಥ ನೀರಾವರಿ ನಡೆದಿದೆ, ನಮಗೆ ಸುದ್ದಿಯೇ ಇಲ್ಲ!

ಶರಣಪ್ಪ ಬಹಳ ಹೊತ್ತು ನೋಡಿದ.

"ಇವ್ಕ ಕೂಲಿ ಯಾರು ಕೊಡ್ತಾರ?"

"ಸಜ್ಜಿನ ಕೊಡ್ತೈತಪ್ಪಾ. ಬಿಸಲಾಗ ಮಾಡಿದ ಸಕ್ರಿ."

"ಮತ್ತ ನಾ ಯಾಕದೀನಿ ಹೊಲದಾಗ?"

ಅಶ್ವಿನಿ ನಕ್ಕು, ಪಟ್ಟಿಯ ಆಚೆಯ ಆ ಬೇರನ್ನು ತೆಗೆದಳು.

ಆಮೇಲೆ ಬಾಡಿದ ಪಟ್ಟಿಯ ಬೇರು ಇಟ್ಟಳು. ಅಲ್ಲೊಂದು ಇಲ್ಲೊಂದು ನೀಲಿ ಎಳೆ. ಮುಖ್ಯ ಕಾಲುವೆಯೂ ಇಲ್ಲ, ಉಪಕಾಲುವೆಯೂ ಇಲ್ಲ. ಅದೇ ಪಟ್ಟಿಯ ಒಂದು ಬೊಗಸೆ ಮಣ್ಣನ್ನು ಬಕೆಟ್ ನೀರಿನಲ್ಲಿ ಕಲಕಿದಳು. ತಿಪ್ಪೆಯ ಮೂಲಕ ಹೊಲ ಸೇರಿದ್ದೆಲ್ಲ ತೇಲಿ ಬಂತು. ಶಾಂಪೂ ಸ್ಯಾಶೆಯ ಚೂರು. ಗುಟ್ಕಾ ಪಾಕೀಟಿನ ಚೂರು. ಗೊಬ್ಬರ ಚೀಲದ ದಾರ. ಅವುಗಳ ನಡುವೆ ಬಿಳಿಯ ಸಣ್ಣ ತ್ರಿಕೋನಗಳು, ಒಂದು, ಎರಡು, ಏಳು.

ಶರಣಪ್ಪ ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದ. "ಹಾಲಿನ ಪಾಕೀಟಿನ ಮೂಲಿ ಇದು. ನಮ್ಮ ಮನ್ಯಾಗ ಎರಡು ಎಮ್ಮಿ ಅದಾವು. ಪಾಕೀಟಿನ ಹಾಲು ಯಾರು ಕುಡಿತಾರ ಅಣ್ಣ?"

ಕೊಟ್ಟಿಗೆಯಿಂದ ಎಮ್ಮೆಗಳೂ ನನ್ನನ್ನೇ ನೋಡಿದಂತಾಯಿತು.

ಪಾಕೀಟನ್ನು ನಾನು ತೊಳೆದು, ಒಣಗಿಸಿ, ಒಣ ಕಸದವನಿಗೆ ಕೊಡುತ್ತೇನೆ. ಕತ್ತರಿಸಿದ ಮೂಲೆ? ಅದು ಬಾಳೆಹಣ್ಣಿನ ಸಿಪ್ಪೆಯ ಜೊತೆ ಬುಟ್ಟಿಗೆ ಬೀಳುತ್ತದೆ. ಬುಟ್ಟಿಯಿಂದ ಗೋಣಿಚೀಲಕ್ಕೆ, ಚೀಲದಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಇಷ್ಟು ವರ್ಷ, ಇಷ್ಟು ಭಾನುವಾರ. ಕಾಲುವೆ ಎಳೆದ ಕೈಯೇ ಕಾಲುವೆಗೆ ಅಡ್ಡ ಹಾಕಿತ್ತು.

ನ್ಯಾಯ ಹೇಳಬೇಕೆಂದರೆ, ಅಶ್ವಿನಿ ನನ್ನನ್ನು ಪೂರ್ತಿ ಗಲ್ಲಿಗೇರಿಸಲಿಲ್ಲ. "ಎರಡು ಬೇರು ನೋಡಿ ತೀರ್ಪು ಕೊಡಾಕ ಬರಂಗಿಲ್ರಿ. ಕೆಲವು ಪ್ಲಾಸ್ಟಿಕ್‌ಗೆ ಈ ಎಳಿ ಕಡಿಮಿ ಆಗ್ತಾವು. ಕೆಲವು ಕಡೆ ಹೆಚ್ಚಾಗಿದ್ದೂ ಕಂಡೈತಿ. ಮಣ್ಣಾಗ ನೀರು ಹರಿಯೂ ದಾರಿನೂ ಬದಲಾಗ್ತೈತಿ. ಇನ್ನೂ ಹುಡುಕಾಕತ್ತಾರ." ವಿಜ್ಞಾನ ಸಂದೇಹದ ಲಾಭ ಕೊಟ್ಟಿತು. ತಮ್ಮ ಕೊಡಲಿಲ್ಲ.

"ಮುಂದ ಏನಂತಿ? ತಿಪ್ಪಿ ಬಿಟ್ಟು ಜ್ವಾಳ ಬಿತ್ತಲೇನು?" ಎಂದ ಮಗಳಿಗೆ.

"ಗೊಬ್ಬರ ಬ್ಯಾಡ ಅನ್ನಂಗಿಲ್ಲಪ್ಪಾ. ಗೊಬ್ಬರದ ಜೋಡಿ ಪ್ಲಾಸ್ಟಿಕ್ ಹೋಗೂದು ಬ್ಯಾಡ."

ಅವನು ಮತ್ತೊಮ್ಮೆ ಮೈಕ್ರೋಸ್ಕೋಪಿಗೆ ಬಗ್ಗಿದ. ಮೊದಲ ಬೇರು ಇಡಿಸಿಕೊಂಡು ನೋಡಿದ. ಎರಡನೆಯದು ನೋಡಿದ. ತಿರುಗಿ ಮೊದಲನೆಯದು. ಆಮೇಲೆ ಎದ್ದು ಟ್ರ್ಯಾಕ್ಟರಿನವನಿಗೆ ಫೋನ್ ಹಚ್ಚಿದ.

"ತಮ್ಮಾ, ನಾಳೆ ಟ್ರ್ಯಾಕ್ಟರ್ ಬ್ಯಾಡ. ಎಂಟು ದಿನ ಬಿಟ್ಟು ಬಾ... ಇಲ್ಲೋ, ಗೊಬ್ಬರ ಸೋಸೂದೈತಿ... ಹೌದು, ಸೋಸೂದು. ನಗಬ್ಯಾಡ."

ಹೀಗಾಗಿ ಸೋಮವಾರ ಮುಂಜಾನೆ ನಾನು ಕೊಪ್ಪಳದಲ್ಲಿರಲಿಲ್ಲ, ತಮ್ಮನ ತಿಪ್ಪೆಯ ಮೇಲಿದ್ದೆ. ಉಸುಕು ಸೋಸುವ ಜಾಳಿಗೆಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಶರಣಪ್ಪನ ಕೈಯಲ್ಲಿ. ದೊಡ್ಡ ಚೂರು ನಿಲ್ಲುತ್ತಿತ್ತು. ಬಿಸಿಲಿಗೆ ಸತ್ತ ಸಣ್ಣ ಚೂರು ಮುಟ್ಟಿದರೆ ಪುಡಿಯಾಗಿ ಕೆಳಗಿಳಿಯುತ್ತಿತ್ತು. ಅದನ್ನು ಅಶ್ವಿನಿ ಮೊಣಕಾಲೂರಿ ಕೈಯಿಂದ ಆರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಂದು ಮೂಲೆ ಮುಗಿದಿತ್ತು. ಬೆನ್ನು ಹೋಗಿತ್ತು, ಉತ್ಸಾಹ ಹೋಗಿರಲಿಲ್ಲ.

ಆಗ ಪಕ್ಕದ ಮನೆಯ ಗಂಗಮ್ಮ ತನ್ನ ತಿಪ್ಪೆಗೆ ಸುರಿಯಲು ಕಸದ ಬುಟ್ಟಿ ಹೊತ್ತು ಬಂದಳು. ಮೂವರನ್ನೂ ನೋಡಿ ನಿಂತಳು.

"ಏನ್ ಕಳಕೊಂಡೀರಿ ಅಣ್ಣಾರ, ಮನಿಮಂದಿ ಎಲ್ಲಾ ತಿಪ್ಪಿ ಕೆದರಾಕತ್ತೀರಲ್ಲ? ಬಂಗಾರೇನು?"

ಏನೆಂದು ಹೇಳಲಿ? ಕಳೆದುಕೊಳ್ಳುತ್ತಿರುವ ಆ ನೀಲಿ ಕಾಲುವೆಗಳು ನಮ್ಮ ಹತ್ತಿರ ಇದ್ದವೆಂದು ನಮಗೆ ಗೊತ್ತಾದದ್ದೇ ಹಿಂದಿನ ದಿನ.