ಲಾಗ್ ನೋಡಿ ಅಂದದ್ದಕ್ಕೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಕಡೆ ಶಾಖೆಗಳಿದ್ದ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಯಾರ ಪಾಸ್‌ವರ್ಡ್ ಸರಿ, ಯಾರನ್ನು ಒಳಗೆ ಬಿಡಬೇಕು ಎಂದು ತೀರ್ಮಾನಿಸುವ ಡೈರೆಕ್ಟರಿ ಸರ್ವರ್ ಇದ್ದದ್ದು ಗದ್ವಾಲಿನಲ್ಲಿ. ಯಾರು, ಯಾವಾಗ, ಯಾವ ಕಂಪ್ಯೂಟರಿನಿಂದ ಬಂದರು ಎಂಬುದನ್ನು ಅದು ಲಾಗ್ ಫೈಲಿನಲ್ಲಿ ಬರೆದಿಡುತ್ತದೆ.

ಒಂದು ಬೆಳಿಗ್ಗೆ ಅಲ್ಲಿನ ಹಿರಿಯ ನರ್ಸಮ್ಮ ಫೋನ್ ಮಾಡಿದರು. ಧರೂರಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ, ಎಂದೂ ದನಿ ಏರಿಸದ ಹೆಂಗಸು.

"ಮತ್ತಿನ ಇಂಜೆಕ್ಷನ್ ಸ್ಟಾಕಿನ ಲೆಕ್ಕ ಯಾರೋ ಕಂಪ್ಯೂಟರದಾಗ ಅಳಿಸ್ಯಾರರೀ. ನನ್ನ ಹೆಸರಿಲೆ ಅಳಿಸ್ಯಾರಂತ. ಸಂಜಿಗೆ ಪೊಲೀಸರನ್ನ ಕರಸ್ತೀವಿ ಅಂತಾರ."

ನಾನಿದ್ದ ನಾರಾಯಣಪೇಟೆಯಿಂದಲೇ ಲಾಗ್ ತೆರೆಯಲು ಹೋದರೆ, ದೂರದಿಂದ ಓದಲು ಅನುಮತಿ ಇಲ್ಲ ಎಂದಿತು. ಸರ್ವರ್ ಕೋಣೆಯ ಬೀಗದ ಕೈ ಗದ್ವಾಲಿನ ಮ್ಯಾನೇಜರ ಹತ್ತಿರ ಇತ್ತು. ಅವರಿಗೆ ಫೋನ್ ಹಚ್ಚಿ, ತೆಲುಗಿನಲ್ಲಿ "ಲಾಗ್ ಚೂಡಂಡಿ" ಅಂದೆ. ಲಾಗ್ ನೋಡಿ, ಅಷ್ಟೇ.

ಸ್ವಲ್ಪ ಹೊತ್ತಿಗೆ ಮೂರೂ ಊರಿನಲ್ಲಿ ಯಾರಿಗೂ ಲಾಗಿನ್ ಆಗದಂತಾಯಿತು. ಮತ್ತೆ ಫೋನ್ ಮಾಡಿದರೆ ಮ್ಯಾನೇಜರು ನಕ್ಕರು. "ಲಾಗಿ ಚೂಡಂಡಿ" ಎಂದು ಕೇಳಿಸಿತಂತೆ. ತೆಲುಗಿನಲ್ಲಿ ಅದಕ್ಕೆ ಎಳೆದು ನೋಡಿ ಎಂದರ್ಥ. ಲಾಗ್‌ಗೆಂದೇ ಹಚ್ಚಿದ್ದ ಡಿಸ್ಕನ್ನು ಎಳೆದು ಕಿತ್ತಿಟ್ಟಿದ್ದರು. ಲಾಗ್ ಬರೆಯಲು ಜಾಗ ಸಿಗದಿದ್ದರೆ ನಿಂತುಬಿಡು ಎಂದು ಸರ್ವರಿಗೆ ಹೇಳಿಟ್ಟವಳು ನಾನೇ, ಅದು ಹೇಳಿದ ಮಾತು ಕೇಳಿತ್ತು.

ಮಕ್ತಲಿನಲ್ಲಿ ಬಸ್ಸು ಬದಲಿಸಿ ಗದ್ವಾಲಿಗೆ ಓಡಿದೆ. ದಾರಿಯುದ್ದಕ್ಕೂ ನನ್ನ ಹಾಳು ತೆಲುಗನ್ನು ಬೈದುಕೊಂಡೆ. ಹೋದವಳೇ ಮ್ಯಾನೇಜರಿಗೆ ಕೈಮುಗಿದು ತಪ್ಪಾಯಿತು ಅಂದೆ. "ಇರಲಿ ಬಿಡ್ರಿ, ಯಾರಿಗಾದ್ರೂ ಆಗ್ತೈತಿ," ಎಂದು ತೆಲುಗಿನಲ್ಲೇ ಸಮಾಧಾನ ಹೇಳಿ ಅವರು ಮೇಜಿನ ಖಾನೆಯಿಂದ ಡಿಸ್ಕ್ ತೆಗೆದು ಕೊಟ್ಟರು.

ಡಿಸ್ಕ್ ಹಚ್ಚಿದರೂ ಸರ್ವರ್ ಏಳಲಿಲ್ಲ. ಕಿತ್ತು ಹಚ್ಚಿದ್ದರಿಂದ ಡಿಸ್ಕು ಬೇರೆ ಹೆಸರಿನಲ್ಲಿ ಕೂತಿತ್ತು, ಸೆಟ್ಟಿಂಗಿನಲ್ಲಿ ಹಳೆಯ ದಾರಿಯೇ ಇತ್ತು. ಅದನ್ನು ತಿದ್ದಿದೆ. ಆಗಲೂ ಇಲ್ಲ. ಆ ಜಾಗದಲ್ಲಿ ಬರೆಯುವ ಹಕ್ಕನ್ನು ಸರ್ವರಿಗೆ ಮತ್ತೆ ಕೊಟ್ಟ ಮೇಲೆ ಎದ್ದಿತು. ಹಳೆಯ ಲಾಗ್ ಒಂದಕ್ಷರವೂ ಹಾಳಾಗದೆ ಹಾಗೇ ಇತ್ತು.

ನರ್ಸಮ್ಮನ ಹೆಸರು ಹುಡುಕಿದೆ. ಸ್ಟಾಕ್ ಅಳಿಸಿದ ಹೊತ್ತಿಗೆ ಅವರ ಹೆಸರಿನಲ್ಲಿ ಲಾಗಿನ್ ಆಗಿದ್ದದ್ದು ಮ್ಯಾನೇಜರ ಕೋಣೆಯ ಕಂಪ್ಯೂಟರಿನಿಂದ. ಆದರೂ ಮ್ಯಾನೇಜರೇ ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಆ ಕೋಣೆ ಸದಾ ತೆರೆದೇ ಇರುತ್ತದೆ, ಯಾರು ಬೇಕಾದರೂ ಹೋಗಿ ಕೂರಬಹುದು.

ನನ್ನ ಜೊತೆಗೇ ಒಳಗೆ ಬಂದು ಹಿಂದೆ ನಿಂತಿದ್ದ ನರ್ಸಮ್ಮ ಮೆಲ್ಲಗೆ ಕೇಳಿದರು.

"ಯಾವ ರೂಮಿನ ಕಂಪ್ಯೂಟರ್ ಅಂತ ಇದರಾಗ ಬರ್ತೈತೇನ್ರಿ?"

"ಬರ್ತೈತ್ರಿ ಅಕ್ಕಾರ. ಯಾಕ?"

"ಮುಂಜಾನಿ ನೀವು ಮ್ಯಾನೇಜರ್ ಸಾರಿಗೆ ಮಾಡಿದ್ದ ಫೋನ್ ಇಟ್ಟ ಕೂಡ್ಲೆ ಅವರು ನನ್ನ ಇದ ಮಾತು ಕೇಳಿದ್ರು. ಲಾಗ್‌ದಾಗ ರೂಮೂ ಬರ್ತೈತೇನು ಅಂತ. ನನಗೇನು ಗೊತ್ರಿ ಸಾರು ಅಂದೆ. ಆಮ್ಯಾಲೆ ಅವರು ಬೀಗದ ಕೈ ತಗೊಂಡು ಇಲ್ಲಿಗೆ ಬಂದ್ರು."

ಆ ಮನುಷ್ಯನಿಗೆ ನನ್ನ ತೆಲುಗು ಸರಿಯಾಗಿಯೇ ಕೇಳಿಸಿತ್ತು. ಡಿಸ್ಕ್ ಕಿತ್ತರೆ ಲಾಗೂ ಅಳಿಸಿಹೋಗುತ್ತದೆ ಎಂದುಕೊಂಡೇ ಕಿತ್ತಿದ್ದರು.

ಹೊರಗೆ ಅವರು ನಮ್ಮಿಬ್ಬರಿಗೆ ಚಹಾ ಹೇಳುತ್ತಿದ್ದದ್ದು ಕೇಳಿಸಿತು. ನಾನು ಎದ್ದು ಸರ್ವರ್ ಕೋಣೆಯ ಅಗಳಿಯನ್ನು ಒಳಗಿನಿಂದ ಹಾಕಿ, ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಫೋನ್ ಹಚ್ಚಿದೆ.